ಆನ್ರಿ ಸಾಲ್ವದೋರನ ‘ಶಾಂಬ್ರ್ ಅವೆಕ್ ವ್ಯೂ’: ಹಳಮೆಯ ಮೂಲವನ್ನು ಕುರಿತ ಒಂದು ವಿಚಾರ

2000ನೆಯ ಇಸವಿಯ ಶರತ್ಕಾಲದಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದ ‘ಶಾಂಬ್ರ್ ಅವೆಕ್ ವ್ಯೂ’ ಎಂಬ ಗೀತಸಂಪುಟವು ಆ ದೇಶದ ಲಘುಸಂಗೀತದ ಇತಿಹಾಸದಲ್ಲಿ ಒಂದು ವಿಲಕ್ಷಣ ಪ್ರಸಂಗವೆಂದೇ ಹೇಳಬೇಕು. ಅದನ್ನು ಹಾಡಿದ ಆನ್ರಿ ಸಾಲ್ವದೋರನಿಗೆ ಆಗ 83 ವರ್ಷ. ಅದರ ಪ್ರಧಾನಗೀತೆಯಾದ ‘ಜಾರ್ದ್ಯಾಂ ದಿವೇರ್’ಅನ್ನು ರಚಿಸಿಕೊಟ್ಟ ಕೆರೆನ್ ಆನ್, ಬೆಂಜಮ್ಯಾಂ ಬಿಯೋಲೆ ಎಂಬಿಬ್ಬರಾದರೋ ಮೂವತ್ತನ್ನು ಮುಟ್ಟದ ತರುಣರು. ಸಂಪುಟದ ಪ್ರತಿಗಳು ಹತ್ತು ಲಕ್ಷಕ್ಕೆ ಮಿಕ್ಕಿ ಮಾರಾಟವಾದುವು. ಮರುವರ್ಷದ ‘ವಿಕ್ತ್ವಾರ್ ದ ಲಾ ಮ್ಯುಸೀಕ್’ ಪ್ರಶಸ್ತಿಗಳಲ್ಲಿ ಗಾಯಕನಿಗೂ ಸಂಪುಟಕ್ಕೂ ಮನ್ನಣೆ ದೊರೆಯಿತು. ಮೆಲ್ಲನೆಯ ಗಿಟಾರು, ಮೃದುವಾದ ತಾಳ, ಹಿನ್ನೆಲೆಯಲ್ಲಿ ತಂತಿವಾದ್ಯಗಳ ನೆರಳು, ಕಿವಿಯ ಬಳಿಯಲ್ಲೇ ಉಸುರುವಂಥ ಕಂಠ, ಇವನ್ನು ಕೇಳಿ ಗತಕಾಲದ ಹಂಬಲವೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಸುಲಭ. ಆದರೆ ಆ ಗತಕಾಲವು ಯಾರದೆಂಬ ಪ್ರಶ್ನೆಯನ್ನೆತ್ತಿದೊಡನೆ ವಿಷಯವು ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಸಾಲ್ವದೋರನು ಹುಟ್ಟಿದುದು 1917ರ ಜುಲೈ 18ರಂದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕಾಯೆನ್ ನಗರದಲ್ಲಿ. ತಂದೆತಾಯಿಗಳು ಗ್ವಾಡೆಲೂಪ್ ದ್ವೀಪದ ಮೂಲದವರು. ಬಾಲ್ಯದಲ್ಲಿಯೇ ಪ್ಯಾರಿಸನ್ನು ಸೇರಿ, ಆರ್ಮ್‌ಸ್ಟ್ರಾಂಗ್, ಎಲಿಂಗ್ಟನ್ ಇವರ ಜಾಝ್ ಸಂಗೀತಕ್ಕೆ ಮನಸೋತು ಗಿಟಾರನ್ನು ಕೈಗೆತ್ತಿಕೊಂಡ ಈ ಹುಡುಗನು ಕೆಲಕಾಲದಲ್ಲೇ ಜಾಂಗೋ ರೈನ್‌ಹಾರ್ಟನಂಥ ಮಹಾವಾದಕನ ಪಕ್ಕದಲ್ಲಿ ಕುಳಿತು ನುಡಿಸುವಷ್ಟು ಪಳಗಿದನು. ಜರ್ಮನ್ ಸೇನೆಯು ಫ್ರಾನ್ಸನ್ನು ಆಕ್ರಮಿಸಿದ ಮೇಲೆ, ಯೆಹೂದಿಯಾದ ರೇ ವಾಂತ್ಯುರಾ ತನ್ನ ವಾದ್ಯವೃಂದದೊಡನೆ ದಕ್ಷಿಣ ಅಮೆರಿಕಕ್ಕೆ ಹೊರಟಾಗ ಸಾಲ್ವದೋರನೂ ಅವನ ಜೊತೆಗೂಡಿದನು. ರಿಯೋ ನಗರದ ಉರ್ಕಾ ಕ್ಯಾಸಿನೋದಲ್ಲಿ ಹಾಡಿ ಹಾಸ್ಯವಾಡಿ ಜನರನ್ನು ಗೆದ್ದು, ಯುದ್ಧವು ಮುಗಿಯುವವರೆಗೂ ಆ ಖಂಡದಲ್ಲೇ ಉಳಿದನು. ಹಾಸ್ಯವೂ ಕೋಮಲಗಾನವೂ ಒಂದೇ ಕೊರಳಲ್ಲಿ ನೆಲೆಸಿದುದು ಅವನ ಭಾಗ್ಯವೋ ದೌರ್ಭಾಗ್ಯವೋ ಹೇಳುವುದು ಕಷ್ಟ. 1956ರಲ್ಲಿ ಲೇಖಕ ಬೋರಿಸ್ ವಿಯಾಂ, ಸಂಗೀತಗಾರ ಮಿಶೆಲ್ ಲೆಗ್ರಾಂ ಇವರೊಡನೆ ಸೇರಿ, ಮೂವರೂ ಕಳ್ಳಹೆಸರುಗಳನ್ನಿಟ್ಟುಕೊಂಡು, ಅಮೆರಿಕದ ರಾಕ್ ಸಂಗೀತವನ್ನು ಅಣಕಿಸುವುದಕ್ಕಾಗಿ ಮುದ್ರಿಸಿದ ಹಾಡುಗಳೇ ಫ್ರೆಂಚ್ ರಾಕಿನ ಮೊದಲ ಮಾದರಿಗಳಲ್ಲಿ ಸೇರಿದುವು. 1962ರಲ್ಲಿ ಬೆರ್ನಾರ್ ದಿಮೆಯ ಸಾಹಿತ್ಯಕ್ಕೆ ಸ್ವರ ಹಾಕಿ ‘ಸಿರಕ್ಯೂಸ್’ನಂಥ ನವುರಾದ ಗೀತೆಯನ್ನು ಹಾಡಿದವನೇ, 1964ರಲ್ಲಿ ‘ಜೋರೋ ಎತ್ ಆರಿವೆ’ ಎಂಬ ನಗೆಹಾಡಿನಿಂದ ಮನೆಮಾತಾದನು. ಬಳಿಕ ದೂರದರ್ಶನವು ಆ ನಗುಮುಖವನ್ನೇ ನಾಡಿಗೆಲ್ಲ ತೋರಿಸಿತು. ಮಂದ್ರಕಂಠದ ಗಾಯಕನು ವಿದೂಷಕನ ಬೆನ್ನ ಹಿಂದೆ ಮರೆಯಾದನು.

ಅವನ ಹೆಸರಿಗೆ ಅಂಟಿಕೊಂಡಿರುವ ಒಂದು ಐತಿಹ್ಯವನ್ನು ಇಲ್ಲಿ ಪರಿಶೀಲಿಸದೆ ವಿಧಿಯಿಲ್ಲ. ಬ್ಲಾಸೆತ್ತಿ ಎಂಬ ಇಟಲಿಯ ನಿರ್ದೇಶಕನ ‘ಯುರೋಪಾ ದಿ ನೊತ್ತೆ’ ಚಿತ್ರದಲ್ಲಿ ಸಾಲ್ವದೋರನು ಹಾಡಿದ ‘ದಾಂ ಮೋನ್ ಈಲ್’ಅನ್ನು ಕೇಳಿದ ಬ್ರೆಜಿಲಿನ ಆಂತೋನಿಯೋ ಕಾರ್ಲೋಸ್ ಜೋಬಿಂ, ಸಾಂಬಾದ ಗತಿಯನ್ನು ಇಳಿಸಿ ಬೋಸ್ಸಾ ನೋವಾ ಎಂಬ ಹೊಸ ಶೈಲಿಗೆ ಕಾರಣನಾದನೆಂಬುದೇ ಆ ಐತಿಹ್ಯ. ಕಥೆಯು ಸೊಗಸಾಗಿದೆ, ಕಾಲಗಣನೆಯು ಅದಕ್ಕೆ ಅನುಕೂಲವಾಗಿಲ್ಲ. ಚಿತ್ರವು ತೆರೆ ಕಂಡುದು 1959ರಲ್ಲಿ; ಬೋಸ್ಸಾ ನೋವಾದ ಆದಿಗೀತೆಯೆಂದು ಎಲ್ಲರೂ ಒಪ್ಪುವ ‘ಶೇಗಾ ದಿ ಸೌದಾದೆ’ಯನ್ನು ಜೋವಾಂ ಜಿಲ್ಬರ್ಟೊ ಹಾಡಿ ಮುದ್ರಿಸಿದುದು 1958ರ ಜುಲೈಯಲ್ಲಿ. ಪಿತೃತ್ವವನ್ನು ಆರೋಪಿಸುವುದಕ್ಕಿಂತ, ಯುದ್ಧಕಾಲದ ರಿಯೋದಲ್ಲಿ ಕಿವಿತುಂಬಿಕೊಂಡು ಬಂದುದನ್ನು ಈತನು ಪ್ಯಾರಿಸಿನಲ್ಲಿ ತನ್ನ ರೀತಿಯಲ್ಲಿ ಹಾಡಿದನು, ಅದೇ ಹೊತ್ತಿನಲ್ಲಿ ರಿಯೋದ ತರುಣರು ತಮ್ಮ ದಾರಿಯಿಂದ ಸಮೀಪದ ಸ್ಥಾನಕ್ಕೇ ಬಂದರು ಎಂದು ಭಾವಿಸುವುದು ಯುಕ್ತವಾಗಿ ತೋರುತ್ತದೆ. ಬ್ರೆಜಿಲಿನವರ ಅಭಿಮಾನವಾದರೂ ಕಟ್ಟುಕಥೆಯಲ್ಲ: ಅಲ್ಲಿಯ ಗಾಯಕ ಕಾಯೆತಾನೊ ವೆಲೋಸೊ 1981ರಲ್ಲಿ ಅದೇ ‘ದಾಂ ಮೋನ್ ಈಲ್’ಅನ್ನು ತಾನೂ ಹಾಡಿ ಮುದ್ರಿಸಿದನು.

ಹೀಗಿರಲಾಗಿ ‘ಜಾರ್ದ್ಯಾಂ ದಿವೇರ್’ ಬೋಸ್ಸಾ ನೋವಾದ ನಡೆಯಲ್ಲಿ ಸಾಗುವುದು ಕೇವಲ ಅಲಂಕಾರವಲ್ಲ. ಆ ಗೀತೆಯಲ್ಲಿ ಹಾಲಿವುಡ್ಡಿನ ನರ್ತಕ ಫ್ರೆಡ್ ಅಸ್ಟೇರನ ಹೆಸರೂ ಲಾತೆಕೊಏರ್ ವಿಮಾನದ ಹೆಸರೂ ಬರುತ್ತವೆ. 1973, 1974ರಲ್ಲಿ ಹುಟ್ಟಿದ ಕವಿಗಳಿಬ್ಬರಿಗೆ ಇವು ಚಿತ್ರಪಟಗಳಿಂದಲೂ ಹಳೆಯ ಧ್ವನಿಮುದ್ರಿಕೆಗಳಿಂದಲೂ ಬಂದ ಎರವಿನ ನೆನಪುಗಳು. ಆದರೆ ವಿಮಾನಚಾಲಕ ಜಾಂ ಮೆರ್ಮೋಜನು 1930ರಲ್ಲಿ ಲಾತೆಕೊಏರ್ ವಿಮಾನದಲ್ಲಿ ಅಂಚೆಚೀಲಗಳನ್ನು ಹೇರಿಕೊಂಡು ದಕ್ಷಿಣ ಅಟ್ಲಾಂಟಿಕವನ್ನು ದಾಟಿದಾಗ ಸಾಲ್ವದೋರನು ಹನ್ನೆರಡರ ಬಾಲಕ. ತರುಣರು ಊಹಿಸಿ ಬರೆದುದನ್ನು ವೃದ್ಧನು ಅನುಭವಿಸಿ ಹಾಡುತ್ತಾನೆ. ಕೆರೆನ್ ಆನ್ ತನ್ನ ಸಂಪುಟದಲ್ಲಿ ಇದೇ ಗೀತೆಯನ್ನು ಹಾಡಿರುವುದನ್ನು ಪಕ್ಕದಲ್ಲಿರಿಸಿ ಕೇಳಿದರೆ ಈ ಭೇದವು ಸ್ಫುಟವಾಗುತ್ತದೆ. ಅಲ್ಲಿ ಹಂಬಲವು ಚೆಲುವಾದ ಕಲ್ಪನೆ. ಇಲ್ಲಿ ಅದು ಹೆಚ್ಚು ಹಗುರ, ಆದುದರಿಂದಲೇ ಹೆಚ್ಚು ಆಳ. ನಮ್ಮ ಆಲಂಕಾರಿಕರು ಸ್ಮೃತಿಯನ್ನೂ ವಿಷಾದವನ್ನೂ ಸ್ಥಾಯಿಗಳೆಂದೆಣಿಸದೆ ಸಂಚಾರಿಭಾವಗಳ ಪಂಕ್ತಿಯಲ್ಲಿ ಕೂರಿಸಿದರಷ್ಟೆ. ಸಾಲ್ವದೋರನ ಕಂಠದಲ್ಲಿ ವಿಷಾದವು ನಿಜವಾಗಿಯೂ ಸಂಚಾರಿ. ಅದು ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಅವನ ಹಳೆಯ ನಗೆಯು ಅದನ್ನು ಮುಂದಕ್ಕೆ ಸಾಗಗೊಡುತ್ತದೆ. ನಗೆಹಾಡುಗಳ ದಶಕಗಳು ವ್ಯರ್ಥವಾದುವೆಂದು ಮರುಗುವವರು ಈ ಅಂಶವನ್ನು ಗಮನಿಸಬೇಕು. ಇದೇ ಸಂಪುಟದಲ್ಲಿ ಗಾಯಕಿ ಫ್ರಾಂಸ್ವಾಜ್ ಆರ್ದಿಯೊಡನೆ ಹಾಡಿದ ಯುಗಳಗೀತೆಯಲ್ಲಿಯೂ, ವಿಷಣ್ಣತೆಗೇ ಹೆಸರಾದ ಆಕೆಯ ಸ್ವರದ ಪಕ್ಕದಲ್ಲಿ ಈತನದು ಅಂಜದೆ ನಿಲ್ಲುತ್ತದೆ.

2006ರ ‘ರೆವೆರಾಂಸ್’ ಸಂಪುಟಕ್ಕಾಗಿ ಸಾಲ್ವದೋರನು ಮತ್ತೆ ರಿಯೋಗೆ ಹೋದನು. ವೆಲೋಸೊ, ಜಿಲ್ಬರ್ಟೊ ಜಿಲ್ ಇಬ್ಬರೂ ಅದರಲ್ಲಿ ಅವನೊಡನೆ ಹಾಡಿದರು. 2007ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ವಿದಾಯದ ಕಚೇರಿಯನ್ನು ನಡೆಸಿ, 2008ರ ಫೆಬ್ರವರಿ 13ರಂದು ಕಾಲವಾದನು. ವಾದ್ಯಮೇಳದ ನಯದಲ್ಲಿ ಆ ಕಡೆಯ ಸಂಪುಟವು ಬಹುಶಃ ಮಿಗಿಲು. ಆದರೂ ನನಗೆ ‘ಶಾಂಬ್ರ್ ಅವೆಕ್ ವ್ಯೂ’ ಹಿರಿದಾಗಿ ತೋರುತ್ತದೆ: ರಿಯೋದಲ್ಲಿ ಅವನು ತನ್ನ ಓರಗೆಯ ಮನಸ್ಸಿನವರ ನಡುವೆ ನಿಶ್ಚಿಂತನಾಗಿ ಹಾಡಿದನು, ಪ್ಯಾರಿಸಿನಲ್ಲಿಯಾದರೋ ಮೊಮ್ಮಕ್ಕಳ ವಯಸ್ಸಿನವರು ಕಟ್ಟಿಕೊಟ್ಟ ಭೂತಕಾಲವನ್ನು ತನ್ನದರೊಡನೆ ಒರೆಹಚ್ಚಿ, ಒಪ್ಪಿದಷ್ಟನ್ನು ಒಪ್ಪಿ, ಹಾಡಬೇಕಾಗಿತ್ತು.