ಗೌರಿಹೂವಿನ ಕೋಲ್ಚಿಸಿನ್: ಮಾನವ ಜೀವಕೋಶಗಳಲ್ಲಿ ಉರಿಯೂತ ತಡೆ ಮತ್ತು ಪ್ರಮಾಣದ ಪ್ರಶ್ನೆ

ಭಾದ್ರಪದದ ಹೊತ್ತಿಗೆ ನಮ್ಮ ಬೇಲಿ, ಕುರುಚಲು ಕಾಡುಗಳಲ್ಲಿ ಅರಳುವ ಗೌರಿಹೂವಿನ ಬಳ್ಳಿಯ (ಗ್ಲೋರಿಯೋಸಾ ಸುಪರ್ಬಾ) ಗೆಡ್ಡೆ ಮತ್ತು ಬೀಜಗಳಲ್ಲಿ ಕೋಲ್ಚಿಸಿನ್ ಎಂಬ ಆಲ್ಕಲಾಯ್ಡ್ ಇದೆ. ಆಯುರ್ವೇದ ಈ ಗಿಡವನ್ನು ಲಾಂಗಲಿ ಎಂದು ಕರೆದು ಉಪವಿಷಗಳ ಸಾಲಿಗೆ ಸೇರಿಸಿದೆ. ಶೋಧನೆ ಮಾಡದೆ ಬಳಸಕೂಡದೆಂಬ ಕಟ್ಟಳೆಯನ್ನೂ ಹಾಕಿದೆ. ಯುರೋಪಿನಲ್ಲಿ ಇದೇ ವಸ್ತುವನ್ನು ಕೋಲ್ಚಿಕಮ್ ಎಂಬ ಬೇರೊಂದು ಗಿಡದಿಂದ ಪೆಲೆಟಿಯೆ ಮತ್ತು ಕಾವಂಟೂ 1820ರಲ್ಲಿ ಬೇರ್ಪಡಿಸಿದರು. ಸಸ್ಯಜನ್ಯ ವಸ್ತುವೊಂದು ಜೀವಕೋಶದ ಮೇಲೆ ಉರಿಯೂತ ತಡೆಯಿತು ಎನ್ನುವ ವರದಿಗಳು ಇಂದು ಹೇರಳವಾಗಿವೆ. ಅವುಗಳಲ್ಲಿ ರೋಗಿಯ ಹಾಸಿಗೆಯವರೆಗೆ ತಲುಪಿದವು ಬೆರಳೆಣಿಕೆಯಷ್ಟು. ಕೋಲ್ಚಿಸಿನ್ ಅಂಥದ್ದೊಂದು. ಅದು ತಲುಪಿದ ದಾರಿಯನ್ನು ಪ್ರಮಾಣದ ಲೆಕ್ಕ ಹಿಡಿದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೋಲ್ಚಿಸಿನ್ ಅಂಟಿಕೊಳ್ಳುವ ಜಾಗ ಟ್ಯೂಬ್ಯುಲಿನ್ ಎಂಬ ಪ್ರೋಟೀನು. ಅದನ್ನು ಬೋರಿಸಿ ಮತ್ತು ಟೇಲರ್ 1967ರಲ್ಲಿ ಗುರುತಿಸಿದರು. ಟ್ಯೂಬ್ಯುಲಿನ್ ಘಟಕಗಳು ಒಂದಕ್ಕೊಂದು ಜೋಡಣೆಯಾಗಿ ಜೀವಕೋಶದೊಳಗೆ ಸೂಕ್ಷ್ಮನಾಳಿಕೆಗಳು ಬೆಳೆಯುತ್ತವೆ. ಕೋಶದ ಚಲನೆ, ಒಳಗಿನ ಸಾಗಾಣಿಕೆ, ಹೊರಮೈಯಲ್ಲಿ ಪ್ರೋಟೀನುಗಳ ಹಂಚಿಕೆ ಎಲ್ಲವೂ ಈ ನಾಳಿಕೆಗಳನ್ನು ನೆಚ್ಚಿವೆ. ಉರಿಯೂತವಾದ ಜಾಗಕ್ಕೆ ನುಗ್ಗಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಕ್ಕೂ ಅವುಗಳ ನೆರವು ಬೇಕು. ಹಾಗಾಗಿ ಜೋಡಣೆ ತಪ್ಪಿದರೆ ಉರಿಯೂತ ತಗ್ಗುವುದು ಸಹಜ. ಆದರೆ ಅದೇ ಹೊಡೆತಕ್ಕೆ ಕೋಶವಿಭಜನೆಯೂ ನಿಂತು ಕರುಳು, ಅಸ್ಥಿಮಜ್ಜೆಗಳು ನಲುಗುತ್ತವೆ. ಮದ್ದು ಮತ್ತು ವಿಷ ಎರಡಕ್ಕೂ ಮೂಲ ಒಂದೇ ಆದ್ದರಿಂದ ಇಲ್ಲಿ ಎಷ್ಟು ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗಲಾಗದು.

ಈ ಪ್ರಶ್ನೆಗೆ ಅತ್ಯಂತ ಹತ್ತಿರದ ಉತ್ತರವೆಂದು ನಾನು ಭಾವಿಸುವುದು ಕ್ರಾನ್‌ಸ್ಟೈನ್ ಮತ್ತು ಸಂಗಡಿಗರ 1995ರ ಪ್ರಯೋಗ. ರಕ್ತದಲ್ಲಿ ಹರಿಯುವ ನ್ಯೂಟ್ರೋಫಿಲ್ ರಕ್ತನಾಳದ ಒಳಪದರಕ್ಕೆ ಅಂಟಿಕೊಂಡ ಮೇಲೆಯೇ ಅಂಗಾಂಶದೊಳಗೆ ನುಸುಳಬಲ್ಲುದು. ಈ ಅಂಟಿಗೆ ಸೆಲೆಕ್ಟಿನ್‌ಗಳೆಂಬ ಪ್ರೋಟೀನುಗಳು ಬೇಕು. ಪ್ರಚೋದನೆಗೊಂಡ ಮಾನವ ಎಂಡೋಥೀಲಿಯಲ್ ಕೋಶಗಳಿಗೆ ಸುಮಾರು 3 ನ್ಯಾನೊಮೋಲಾರ್ ಕೋಲ್ಚಿಸಿನ್ ಕೊಟ್ಟಾಗ ಅವುಗಳ ಮೇಲ್ಮೈಯಲ್ಲಿ ಇ-ಸೆಲೆಕ್ಟಿನ್‌ನ ಹರಹು ಬದಲಾಗಿ, ನ್ಯೂಟ್ರೋಫಿಲ್‌ಗಳ ಹೆಚ್ಚುವರಿ ಅಂಟಿಕೆ ಇಲ್ಲವಾಯಿತು. ನ್ಯೂಟ್ರೋಫಿಲ್‌ಗಳ ಮೈಮೇಲಿನ ಎಲ್-ಸೆಲೆಕ್ಟಿನ್ ಕಡಿಮೆಯಾಗಲು ಮಾತ್ರ 300 ನ್ಯಾನೊಮೋಲಾರ್‌ನಷ್ಟು ಬೇಕಾಯಿತು.

ಇದನ್ನು ರೋಗಿಯ ರಕ್ತದ ಜೊತೆ ಹೋಲಿಸಬೇಕು. ಆರೋಗ್ಯವಂತರು 0.6 ಮಿಲಿಗ್ರಾಂ ಮಾತ್ರೆ ನುಂಗಿದರೆ ಪ್ಲಾಸ್ಮಾದಲ್ಲಿ ಸರಾಸರಿ ಗರಿಷ್ಠ ಮಟ್ಟ ಮಿಲಿಲೀಟರಿಗೆ 2.5 ನ್ಯಾನೊಗ್ರಾಂ. ಅಣುತೂಕ 399.4 ಆಗಿರುವುದರಿಂದ ಇದು ಸುಮಾರು 6 ನ್ಯಾನೊಮೋಲಾರ್ ಆಗುತ್ತದೆ. ಅಂದರೆ ಗಾಜಿನ ತಟ್ಟೆಯ ಕೋಶಗಳು ಕಂಡ ಕಡಿಮೆ ಪ್ರಮಾಣ ಮನುಷ್ಯರ ಮೈಯಲ್ಲಿಯೂ ನಿಜವಾಗಿ ಸಿಗುವಂಥದ್ದು. ಅರಿಶಿನದ ಕರ್ಕ್ಯುಮಿನ್ ವಿಷಯದಲ್ಲಿ ಹೀಗಾಗಲಿಲ್ಲ. ಕೋಶಪ್ರಯೋಗಗಳಲ್ಲಿ ಅದನ್ನು 10ರಿಂದ 50 ಮೈಕ್ರೋಮೋಲಾರ್ ಬಳಸುವುದು ವಾಡಿಕೆ; ಆದರೆ ದಿನಕ್ಕೆ 8 ಗ್ರಾಂ ಸೇವಿಸಿದವರ ರಕ್ತದಲ್ಲಿಯೂ ಅದು 2 ಮೈಕ್ರೋಮೋಲಾರ್ ಮುಟ್ಟಲಿಲ್ಲವೆಂದು 2001ರ ಅಧ್ಯಯನವೊಂದು ತೋರಿಸಿತು.

ಇನ್ನು ಕೋಲ್ಚಿಸಿನ್ ಕೊಡುವ ಗೌಟ್ ರೋಗದಲ್ಲಿ ಕೀಲಿನೊಳಗಿನ ಯೂರೇಟ್ ಹರಳುಗಳು ಎನ್‌ಎಲ್‌ಆರ್‌ಪಿ3 ಇನ್ಫ್ಲಮಸೋಮ್ ಎಂಬ ಪ್ರೋಟೀನು ಸಂಕೀರ್ಣವನ್ನು ಎಬ್ಬಿಸಿ ಇಂಟರ್‌ಲ್ಯೂಕಿನ್-1 ಬೀಟಾ ಬಿಡುಗಡೆ ಮಾಡಿಸುತ್ತವೆ ಎಂದು 2006ರಲ್ಲಿ ಮಾರ್ಟಿನಾನ್ ಮತ್ತು ಚೋಪ್ ತಂಡ ತೋರಿಸಿತು. ಹರಳುಗಳಿಂದಾಗುವ ಈ ಬಿಡುಗಡೆಯನ್ನು ಕೋಲ್ಚಿಸಿನ್ ತಡೆಯುತ್ತದೆ. ಆದರೆ ಪ್ರಯೋಗಾಲಯದಲ್ಲಿ ಇದಕ್ಕೆ ಬೇಕಾಗುವ ಪ್ರಮಾಣ ರಕ್ತದ ಮಟ್ಟಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹಾಗಿದ್ದರೆ ಈ ಕ್ರಿಯೆ ದೇಹದಲ್ಲಿ ನಡೆಯುವುದೇ ಇಲ್ಲವೇ? ಅಷ್ಟು ಬೇಗ ತಳ್ಳಿಹಾಕಲು ಆಗದು. ಕೋಲ್ಚಿಸಿನ್ನನ್ನು ಹೊರದಬ್ಬುವ ಪಿ-ಗ್ಲೈಕೋಪ್ರೋಟೀನ್ ನ್ಯೂಟ್ರೋಫಿಲ್‌ಗಳಲ್ಲಿ ತೀರ ಕಡಿಮೆ. ಪ್ಲಾಸ್ಮಾದಲ್ಲಿ ಮಟ್ಟ ಒಂದು ಗಂಟೆಯ ಆಸುಪಾಸಿನಲ್ಲಿ ಏರಿ ಇಳಿದರೆ, ಬಿಳಿ ರಕ್ತಕಣಗಳೊಳಗೆ ಅದು ತುಂಬುತ್ತ ಹೋಗಿ ಎರಡನೆಯ ದಿನದ ಹೊತ್ತಿಗೆ ಗರಿಷ್ಠವಾಗುತ್ತದೆ. ಆದ್ದರಿಂದ ಕಡಿಮೆ ಪ್ರಮಾಣದಲ್ಲಿ ಅಂಟಿಕೆಗೆ ತಡೆ, ಕಣದೊಳಗೆ ಶೇಖರವಾದ ಮೇಲೆ ಇನ್ಫ್ಲಮಸೋಮಿಗೂ ತಡೆ ಎಂಬ ಎರಡು ಹಂತದ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಕಡಿಮೆ ಪ್ರಮಾಣವೇ ಸಾಕೆಂಬುದಕ್ಕೆ ಗೌಟ್‌ನ ಚಿಕಿತ್ಸಾ ಪ್ರಯೋಗವೂ ಪರವಾಗಿದೆ. 2010ರ ಏಗ್ರೀ ಪ್ರಯೋಗದಲ್ಲಿ ಗೌಟ್ ರೋಗಿಗಳಿಗೆ ಒಟ್ಟು 1.8 ಮಿಲಿಗ್ರಾಂ ಕೊಟ್ಟಾಗ ಸಿಕ್ಕ ಉಪಶಮನ 4.8 ಮಿಲಿಗ್ರಾಮಿನದಕ್ಕೆ ಸಮನಾಗಿತ್ತು. ಭೇದಿ ಮಾತ್ರ ಮೊದಲನೆಯ ಗುಂಪಿನಲ್ಲಿ ಶೇ. 23, ಎರಡನೆಯದರಲ್ಲಿ ಶೇ. 77. ಹೃದ್ರೋಗದಲ್ಲಿ ಚಿತ್ರ ಇನ್ನೂ ತಿಳಿಯಾಗಿಲ್ಲ. ಹೃದಯಾಘಾತವಾದವರಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟ ಕೋಲ್ಕಾಟ್ ಪ್ರಯೋಗದಲ್ಲಿ (2019, 4745 ಮಂದಿ) ಹೃದಯ-ರಕ್ತನಾಳದ ಅವಘಡಗಳು ಶೇ. 7.1ರಿಂದ 5.5ಕ್ಕೆ ಇಳಿದವು, ದೀರ್ಘಕಾಲದ ಹೃದ್ರೋಗಿಗಳ ಲೊಡೊಕೊ-2ರಲ್ಲಿ (2020, 5522 ಮಂದಿ) ಶೇ. 9.6ರಿಂದ 6.8ಕ್ಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಈ ಬಳಕೆಗೆ ಅನುಮತಿ ಕೊಟ್ಟಿತು. ಮರುವರ್ಷ ಬಂದ ಕ್ಲಿಯರ್ ಸಿನರ್ಜಿ ಪ್ರಯೋಗದಲ್ಲಿ 7062 ಮಂದಿಯ ಮೇಲೆ ಹೆಚ್ಚುಕಡಿಮೆ ಏನೂ ವ್ಯತ್ಯಾಸ ಕಾಣಲಿಲ್ಲ: ಶೇ. 9.1 ಮತ್ತು 9.3. ರಕ್ತದ ಸಿ-ರಿಯಾಕ್ಟಿವ್ ಪ್ರೋಟೀನ್ ಮಾತ್ರ ಅಲ್ಲಿಯೂ ಇಳಿದಿತ್ತು. ಉರಿಯೂತದ ಗುರುತು ಇಳಿದ ಮಾತ್ರಕ್ಕೆ ರೋಗವೂ ಇಳಿಯಿತೆಂದು ಹೇಳಲಾಗದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ.

ಹೊಲದ ಬದುವಿನ ಗೆಡ್ಡೆಗೆ ಈ ಯಾವ ಮಾತೂ ಅನ್ವಯಿಸದು. ಅದರಲ್ಲಿ ಕೋಲ್ಚಿಸಿನ್ ಎಷ್ಟಿದೆಯೆಂದು ಕಣ್ಣಿಗೆ ಕಾಣದು. ಗೆಣಸೆಂದು ತಿಂದು ಸತ್ತವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮೂತ್ರಪಿಂಡ ಸೋತವರಿಗೆ, ಕ್ಲಾರಿಥ್ರೊಮೈಸಿನ್ ತೆಗೆದುಕೊಳ್ಳುವವರಿಗೆ ಮಾತ್ರೆಯೇ ಪ್ರಾಣಾಂತಿಕವಾಗಬಲ್ಲುದು. ಸಸ್ಯಸಾರಗಳ ಮೇಲೆ ದುಡಿಯುತ್ತಿರುವ ನಮ್ಮ ಯುವ ಸಂಶೋಧಕರಲ್ಲಿ ಒಂದು ಬಿನ್ನಹ: ಕೋಶಕ್ಕೆ ಹಾಕಿದ ಪ್ರಮಾಣವನ್ನು ಬರೆದ ಸಾಲಿನಲ್ಲಿಯೇ, ಮನುಷ್ಯರ ರಕ್ತದಲ್ಲಿ ಆ ವಸ್ತು ಎಷ್ಟು ಸಿಗುತ್ತದೆ ಎಂಬುದನ್ನೂ ಬರೆಯಿರಿ. ಅದನ್ನು ಅಳೆದಿರದಿದ್ದರೆ ಮೊದಲು ಅದನ್ನು ಅಳೆಯಿರಿ.