1883ರ ಹೋಸ್ಟ್ ಫ್ಯಾಮಿಲಿಗಳು

1880ನೇ ಇಸವಿ. ಅಮೆರಿಕದ ನ್ಯೂಜೆರ್ಸಿಯ ರೊಸೆಲ್ ಎಂಬ ಸಣ್ಣ ಊರಿನ ಹೆಂಗಸೊಬ್ಬರು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ತಮ್ಮ ಸರದಿಗೆ ಕಾಯ್ತಾ ಕೂತಿದ್ದರು. ಹೆಸರು ಥಿಯೋಡಿಸಿಯಾ ಕಾರ್ಪೆಂಟರ್. ಹೊತ್ತು ಹೋಗಲಿ ಅಂತ ಅಲ್ಲಿ ಬಿದ್ದಿದ್ದ ಒಂದು ಪತ್ರಿಕೆ ಎತ್ತಿಕೊಂಡರು. ಅದು ಮಿಷನರಿಗಳ ಪತ್ರಿಕೆ. ಅದರಲ್ಲಿ ಕೊಲ್ಹಾಪುರದ ಅಂಚೆ ಇಲಾಖೆಯ ಗುಮಾಸ್ತ ಗೋಪಾಳರಾವ್ ಜೋಶಿ ಎಂಬಾತ 1878ರಲ್ಲಿ ಬರೆದ ಕಾಗದ ಅಚ್ಚಾಗಿತ್ತು. "ನನ್ನ ಹೆಂಡತಿಯನ್ನು ಓದಿಸಬೇಕು, ಅಮೆರಿಕಕ್ಕೆ ಬರಬೇಕೆಂದಿದ್ದೇವೆ, ಅಲ್ಲಿ ನನಗೊಂದು ಕೆಲಸ ಸಿಗಬಹುದೇ?" ಅನ್ನುವ ಅರ್ಥದ ಕಾಗದ. ಅದರ ಕೆಳಗೇ ಪತ್ರಿಕೆಯ ಸಂಪಾದಕರಾದ ಪಾದ್ರಿ ವೈಲ್ಡರ್ ಅವರ ಉತ್ತರವೂ ಇತ್ತು. ಕ್ರೈಸ್ತರಾದರೆ ನೋಡೋಣ ಅನ್ನುವ ಧಾಟಿಯದು.

ಈ ಉತ್ತರ ಕಾರ್ಪೆಂಟರ್ ಅವರಿಗೆ ಸರಿ ಕಾಣಲಿಲ್ಲವೋ, ಅಥವಾ ಆ ಕಾಗದದಲ್ಲಿದ್ದ ಹಟ ಹಿಡಿಸಿತೋ, ಅವರು ಮನೆಗೆ ಬಂದು ಆ ಹುಡುಗಿಗೆ ಕಾಗದ ಬರೆದರು. ನೀನು ಬರುವುದಾದರೆ ನಮ್ಮ ಮನೆಯಲ್ಲಿ ಇರಬಹುದು ಅಂತ. ನೋಡದ, ಕೇಳದ, ಯಾರ ಶಿಫಾರಸೂ ಇಲ್ಲದ ಒಬ್ಬ ಹುಡುಗಿಗೆ!

ಹುಡುಗಿ ಆನಂದಿಬಾಯಿ ಜೋಶಿ. ಅವಳ ಹೆಸರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ, ಅಮೆರಿಕಕ್ಕೆ ಹೋಗಿ ಡಾಕ್ಟರಾಗಿ ಬಂದವಳು ಅಂತ. 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದವಳು, ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಒಂದು ಗಂಡು ಮಗು. ಆ ಮಗು ಹತ್ತೇ ದಿನ ಬದುಕಿದ್ದು. ಡಾಕ್ಟರಾಗಬೇಕು ಅನ್ನೋ ಯೋಚನೆ ಬಂದಿದ್ದು ಅದರಿಂದ ಅಂತಾರೆ. ಇಷ್ಟು ಎಲ್ಲ ಕಡೆ ಸಿಗುತ್ತೆ. ನನಗೆ ಕುತೂಹಲ ಇದ್ದದ್ದು ಬೇರೆ: ಅವಳು ಅಲ್ಲಿ ಹೇಗೆ *ಇದ್ದಳು*? ಯಾರ ಮನೇಲಿ, ಏನು ತಿಂದು, ಏನು ಉಟ್ಟು?

ಈ ಕುತೂಹಲಕ್ಕೆ ಸ್ವಂತ ಕಾರಣವೂ ಇದೆ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ಪ್ರಾಜೆಕ್ಟ್ ಅಂತ ಆರು ತಿಂಗಳು ಜರ್ಮನಿಯಲ್ಲಿದ್ದೆ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಬಹಳ ಒಳ್ಳೆಯವರು. ಆದರೂ ಮೊದಲ ಎರಡು ವಾರ ದಿನಾ ರಾತ್ರಿ ಊಟದ ಮೇಜಿನಲ್ಲಿ ನಾನು ಪರೀಕ್ಷೆಗೆ ಕೂತವನ ಹಾಗೆ ಕೂರ್ತಿದ್ದೆ. "ಮಾಂಸ ಬೇಡ ಸರಿ, ಮೀನು?" "ಮೀನು ಬೇಡ ಸರಿ, ಇದರಲ್ಲಿ ಬರೀ ಮೀನಿನ ಸಾರು ಇರೋದು?" ಅಜ್ಜಿಗೆ ಬೇಜಾರಾಗಬಾರದು, ನನಗೂ ಹೊಟ್ಟೆ ತುಂಬಬೇಕು. ಪರಿಚಯವಿಲ್ಲದವರ ಮನೆಯಲ್ಲಿ ಇರೋದು ಅಂದರೆ ಏನು ಅಂತ ಗೊತ್ತಾಗೋದು ಊಟಕ್ಕೆ ಕೂತಾಗಲೇ. ಉಳಿದದ್ದೆಲ್ಲ, ಭಾಷೆ, ಚಳಿ, ಶೌಚಾಲಯದ ಕಾಗದ, ಹೇಗೋ ಸರಿಹೋಗುತ್ತೆ ಬಿಡಿ.

ಆನಂದಿಗೆ ಹೊರಡುವ ಮೊದಲೇ ಈ ಪ್ರಶ್ನೆ ಎದುರಾಗಿತ್ತು. ಗಂಡನಿಗೆ ಆಗ ಬಂಗಾಳದ ಸೆರಾಂಪುರಕ್ಕೆ ವರ್ಗವಾಗಿತ್ತು. 1883ರ ಫೆಬ್ರವರಿ 24ರಂದು ಅಲ್ಲಿನ ಕಾಲೇಜಿನ ಸಭಾಂಗಣದಲ್ಲಿ ಅವಳು ಜನರೆದುರು ನಿಂತು, ಇಂಗ್ಲಿಷಿನಲ್ಲಿ, ತಾನು ಯಾಕೆ ಅಮೆರಿಕಕ್ಕೆ ಹೋಗ್ತಿದೀನಿ ಅಂತ ಭಾಷಣ ಮಾಡಿದಳು. ಜಾತಿಯಿಂದ ಹೊರಗೆ ಹಾಕ್ತಾರಲ್ಲ ಅನ್ನೋದಕ್ಕೆ ಅವಳು ಕೊಟ್ಟ ಉತ್ತರದ ಸಾರಾಂಶ ಇಷ್ಟು: ಇಲ್ಲಿ ಹೇಗಿದ್ದೀನೋ ಅಲ್ಲೂ ಹಾಗೇ ಇರ್ತೀನಿ, ಊಟದಲ್ಲಾಗಲಿ ಉಡುಪಿನಲ್ಲಾಗಲಿ ಬದಲಾವಣೆ ಇಲ್ಲ, ಹಿಂದೂವಾಗಿ ಹೋಗಿ ಹಿಂದೂವಾಗೇ ಬರ್ತೀನಿ. ಹದಿನೆಂಟು ತುಂಬದ ಹುಡುಗಿ. ತಾನು ಉಳಿಯಬೇಕಾದ ಮನೆಯನ್ನು ಕಣ್ಣಿಂದ ಕಂಡವಳಲ್ಲ. ಅಷ್ಟು ಧೈರ್ಯವಾಗಿ ಹೇಳಲು ಅವಳ ಹತ್ತಿರ ಇದ್ದ ಆಧಾರ ಅಂದರೆ ಕಾರ್ಪೆಂಟರ್ ಬರೆದ ಕಾಗದಗಳು ಮಾತ್ರ. ಎರಡು ಮೂರು ವರ್ಷ ಇಬ್ಬರೂ ಬರೆದುಕೊಂಡಿದ್ದರು. ಆನಂದಿ ಆಕೆಯನ್ನು 'ಆಂಟ್' ಅಂತಲೇ ಬರೀತಿದ್ದಳು. ಇವಳಿಗೆ ತಲೆನೋವು, ಜ್ವರ ಅಂತ ಗೊತ್ತಾದಾಗ ಆಕೆ ಅಮೆರಿಕದಿಂದ ಔಷಧಿ ಕಳಿಸಿದ್ದೂ ಉಂಟು. (ಔಷಧಿ ಕೆಲಸ ಮಾಡಲಿಲ್ಲ ಅನ್ನೋದು ಬೇರೆ ಮಾತು.)

ಏಪ್ರಿಲ್‌ನಲ್ಲಿ ಕಲ್ಕತ್ತದಿಂದ ಹಡಗು ಹತ್ತಿ, ಮಿಷನರಿ ಹೆಂಗಸರ ಜೊತೆಯಲ್ಲಿ, ಗಂಡನಿಲ್ಲದೆ ಹೊರಟವಳು ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿದಳು. ಕಾರ್ಪೆಂಟರ್ ಅವಳನ್ನು ರೊಸೆಲ್‌ನ ತಮ್ಮ ಮನೆಗೆ ಕರೆದುಕೊಂಡು ಹೋದರು. ಬೇಸಿಗೆ ಪೂರ್ತಿ ಅಲ್ಲೇ. ಅವಳು ಹೇಳಿದ ಹಾಗೇ ಇದ್ದಳು: ಸೀರೆ, ಕುಂಕುಮ, ಸಸ್ಯಾಹಾರ. ಆ ಮನೆಯವರು ಇದನ್ನು ಬದಲಿಸಲು ಹೋಗಲಿಲ್ಲ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಆ ಹೆಂಗಸಿಗೆ ಆನಂದಿಯಿಂದ ಏನೂ ಬೇಕಿರಲಿಲ್ಲ!

ಇದು ಎಷ್ಟು ಅಪರೂಪ ಅಂತ ತಿಳೀಬೇಕಾದರೆ ಅದೇ 1883ರಲ್ಲಿ ಇಂಗ್ಲೆಂಡಿನಲ್ಲಿ ಏನಾಯ್ತು ಅಂತ ನೋಡಬೇಕು.

ಅದೇ ವರ್ಷ ಅಲ್ಲಿಗೆ ಹೋದವಳು ಪಂಡಿತಾ ರಮಾಬಾಯಿ. ಇವಳು ಒಂದು ಲೆಕ್ಕಕ್ಕೆ ನಮ್ಮವಳು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರಿಂದ ಮಾತು ಕೇಳಿ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ ಅದು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಅಲ್ಲೇ. ಕುದುರೆಮುಖದ ರಸ್ತೆಯಲ್ಲಿ ಬೈಕ್ ಓಡಿಸುವ ನಮ್ಮ ಎಷ್ಟು ಜನಕ್ಕೆ ಇದು ಗೊತ್ತೋ ನಾ ಕಾಣೆ.

ಗಂಡ ತೀರಿಹೋಗಿದ್ದ, ಕೈಯಲ್ಲಿ ಮನೋರಮಾ ಅನ್ನೋ ಪುಟ್ಟ ಮಗಳು. ರಮಾಬಾಯಿಗೂ ಡಾಕ್ಟರಾಗುವ ಆಸೆ. (ಕಿವಿ ಸರಿಯಾಗಿ ಕೇಳಿಸದ ಕಾರಣ ಆಗಲಿಲ್ಲ.) ಆಕ್ಸ್‌ಫರ್ಡಿನಿಂದ ಹೆಚ್ಚು ದೂರವಿಲ್ಲದ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಉಳಿದಳು. ಭಾರತಕ್ಕೆ ಹೋಗಲಿದ್ದ ಸಿಸ್ಟರ್‌ಗಳಿಗೆ ಮರಾಠಿ ಹೇಳಿಕೊಡೋದು, ಅದಕ್ಕೆ ಬದಲಾಗಿ ಊಟ ವಸತಿ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಒಳ್ಳೇ 'ಡೀಲ್'.

ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲಿ ಹೆಚ್ಚು ದಿನ ಬದುಕಲಿಲ್ಲ, ಆತ್ಮಹತ್ಯೆ ಮಾಡಿಕೊಂಡಳು. ತಮ್ಮನ್ನು ಬಲವಂತವಾಗಿ ಮತಾಂತರ ಮಾಡ್ತಾರೆ ಅನ್ನೋ ಭಯ ಅವಳನ್ನು ಹಿಡಿದಿತ್ತು ಅಂತ ಮ್ಯಾಕ್ಸ್ ಮುಲ್ಲರ್ ಬರೆದಿದ್ದಾರೆ. ಸಿಸ್ಟರ್‌ಗಳು ನಿಜಕ್ಕೂ ಬಲವಂತ ಮಾಡಿದ್ದರು ಅಂತ ನಾನು ಹೇಳ್ತಿಲ್ಲ. ಆದರೆ ಉಣ್ಣೋ ಅನ್ನ, ಮಲಗೋ ಹಾಸಿಗೆ ಎಲ್ಲ ಯಾರ ಕೈಯಲ್ಲಿದೆಯೋ ಅವರು ಸುಮ್ಮನೆ ಆಸೆಪಟ್ಟರೂ ಅದು ಅತಿಥಿಗೆ ಒತ್ತಾಯದ ಹಾಗೇ ಕೇಳಿಸುತ್ತೆ. ಅದು ಅತಿಥಿಯ ಕಿವಿಯ ದೋಷ ಅಲ್ಲ.

1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಕ್ರೈಸ್ತಳಾದಳು. ತಾನೇ ಯೋಚಿಸಿ ಮಾಡಿದ ತೀರ್ಮಾನ ಅಂತ ಕೊನೇವರೆಗೂ ಹೇಳಿದಳು, ಅದನ್ನು ಅನುಮಾನಿಸಲು ಕಾರಣವಿಲ್ಲ. ನಿಜವಾದ ಜಗಳ ಶುರುವಾಗಿದ್ದು ಇದಾದ ಮೇಲೆ! ಧರ್ಮ ಬದಲಾಯ್ತು, ತಟ್ಟೆ ಬದಲಾಗಲಿಲ್ಲ. ಅವಳು ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಪುಡ್ಡಿಂಗ್ ಮುಟ್ಟಲಿಲ್ಲ. ಅವಳ ಜವಾಬ್ದಾರಿ ಹೊತ್ತಿದ್ದ ಸಿಸ್ಟರ್ ಜೆರಾಲ್ಡೀನ್ (ಇವರನ್ನು ತಾಯಿ ಮಗಳು 'ಆಜೀಬಾಯಿ', ಅಂದರೆ ಅಜ್ಜಿ, ಅಂತ ಕರೀತಿದ್ದರು) ಇದನ್ನು ಹಳೇ ಜಾತಿಯ ಜಂಬ ಅಂತ ಕಂಡರು. ಅದಕ್ಕೆ ರಮಾಬಾಯಿ ಬರೆದ ಉತ್ತರದ ತಾತ್ಪರ್ಯ: ನನ್ನ ಜಂಬವನ್ನು ನೀವು ಪುಡ್ಡಿಂಗಿನಲ್ಲಿ, ಬೆಣ್ಣೆ ಹಾಲಿನಲ್ಲಿ, ಮೊಟ್ಟೆಯಲ್ಲಿ ಬೇಕಾದರೆ ಹುಡುಕಿಕೊಳ್ಳಿ; ನನ್ನನ್ನು ಹಿಂದೂ ಅಂತ ಕರೆದರೆ ನನಗೆ ಸಂತೋಷವೇ, ನಮ್ಮ ಹಿರಿಯರ ಪದ್ಧತಿಗಳನ್ನು ಆದಷ್ಟು ಉಳಿಸಿಕೊಳ್ತೀನಿ.

ಇದನ್ನು ಓದಿದಾಗ ನಾನು ಒಬ್ಬನೇ ಜೋರಾಗಿ ನಕ್ಕುಬಿಟ್ಟೆ. ಎಂಥ ಹೆಂಗಸು ಮಾರಾಯ್ರೆ!

ಶಿಲುಬೆಯದ್ದೂ ಒಂದು ಜಗಳ. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಇತ್ತು. ಸಂಸ್ಕೃತಕ್ಕಿಂತ ಲ್ಯಾಟಿನ್ ಯಾವುದರಲ್ಲಿ ಹೆಚ್ಚು, ನಮ್ಮ ದೇಶದವರಿಗೆ ಅರ್ಥವಾಗದ ಅಕ್ಷರ ನಾನ್ಯಾಕೆ ಹಾಕಿಕೊಳ್ಳಲಿ ಅಂತ ಕೇಳಿದಳು. ಮುಂದೆ ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತಾ ಇದ್ದಾಗ ಗಂಡಸು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂತು. ಭಾರತದಲ್ಲಿದ್ದ ಬಿಷಪ್ಪರು ಕೂಡದು ಅಂದರು. ಕಲ್ಕತ್ತದ ಪಂಡಿತರ ಸಭೆಯಲ್ಲಿ ಕೂತು 'ಪಂಡಿತಾ', 'ಸರಸ್ವತಿ' ಬಿರುದು ಪಡೆದವಳಿಗೆ!

ಆದರೆ ಜೆರಾಲ್ಡೀನ್ ಅವರನ್ನು ಖಳನಾಯಕಿ ಮಾಡೋದೂ ಸುಲಭವಲ್ಲ. ಮಗು ಮನೋರಮೆಯನ್ನು ಪ್ರೀತಿಯಿಂದ ನೋಡಿಕೊಂಡವರು ಅವರೇ. ತಮ್ಮನ್ನು ಎದುರಿಸಿ ಬರೆದ ಕಾಗದಗಳೂ ಸೇರಿ ಎಲ್ಲವನ್ನೂ ಜೋಪಾನವಾಗಿ ಕೂಡಿಟ್ಟವರೂ ಅವರೇ. 1977ರಲ್ಲಿ ಅದು ಪುಸ್ತಕವಾಗಿ ಬಂತು. ಪುಡ್ಡಿಂಗಿನ ಜಗಳ ಇವತ್ತು ನಮಗೆ ಗೊತ್ತಿರೋದು ಜಗಳದಲ್ಲಿ ಸೋತ ಅಜ್ಜಿಯ ದಯೆಯಿಂದ.

ಇನ್ನು ದುಡ್ಡು ಕೊಟ್ಟು ಇದ್ದರೆ ಈ ತಾಪತ್ರಯ ಇಲ್ಲ ಅನ್ಕೋಬೇಡಿ. ಐದು ವರ್ಷ ಬಿಟ್ಟು 1888ರಲ್ಲಿ ಲಂಡನ್ನಿಗೆ ಹೋದ ಗಾಂಧಿ ವೆಸ್ಟ್ ಕೆನ್ಸಿಂಗ್ಟನ್‌ನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ವಾರದ ಬಾಡಿಗೆಗೆ ಇದ್ದರು. ಆಕೆಯ ಇಬ್ಬರು ಹೆಣ್ಣುಮಕ್ಕಳು ಊಟದ ಹೊತ್ತಿಗೆ ಇನ್ನೊಂದು ಚೂರು ಬ್ರೆಡ್ ಹಾಕಿಕೊಳ್ಳಿ ಅಂತ ಬಲವಂತ ಮಾಡೋರಂತೆ. ಇವರಿಗೋ ಇಡೀ ಬ್ರೆಡ್ಡೇ ಬೇಕಾಗುವಷ್ಟು ಹಸಿವು, ಕೇಳಲು ಸಂಕೋಚ! ಕೊನೆಗೆ ಲೆಕ್ಕ ಹಾಕಿದರೆ ಕುಟುಂಬದ ಜೊತೆ ಇರೋದು ದುಬಾರಿ. ಮನೆಯವರನ್ನು ಆಗಾಗ ಹೊರಗೆ ಊಟಕ್ಕೆ ಕರೆದೊಯ್ಯುವ ಮರ್ಯಾದೆಯ ಖರ್ಚು ಬೇರೆ. ಬೇರೆ ರೂಮು ಮಾಡಿ ಓಟ್ಸ್ ಗಂಜಿ ಕಾಯಿಸಿಕೊಂಡರು. ಆತ್ಮಕಥೆಯಲ್ಲಿ ಇದೆಲ್ಲ ಇದೆ, ಓದಿ.

ಆದರೆ ಬೇರೆ ರೂಮು ಎಲ್ಲರಿಗೂ ಆಗಿಬರಲ್ಲ. ಆನಂದಿಯ ವಿಷಯಕ್ಕೆ ವಾಪಸ್ ಬರ್ತೀನಿ. ಬೇಸಿಗೆ ಕಳೆದ ಮೇಲೆ ಅವಳು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದಳು. ಡೀನ್ ರೇಚಲ್ ಬಾಡ್ಲಿ ಮೂರು ವರ್ಷದ ವಿದ್ಯಾರ್ಥಿವೇತನ ಕೊಡಿಸಿದರು. ಆದರೆ ರೊಸೆಲ್‌ನ ಮನೆ ಬಿಟ್ಟಾಗಿತ್ತು. ಸಿಕ್ಕ ಕೋಣೆಯ ಬೆಂಕಿಗೂಡು ಸರಿಯಿರಲಿಲ್ಲ. ಹಚ್ಚಿದರೆ ಹೊಗೆ, ಹಚ್ಚದಿದ್ದರೆ ಚಳಿ. ಅಡುಗೆ ತಾನೇ ಮಾಡಿಕೊಳ್ಳಬೇಕು. ಒಂಬತ್ತು ಗಜದ ಸೀರೆಯಲ್ಲಿ ಆ ಚಳಿ ತಡೆಯೋದು ಆಗದ ಮಾತು, ಗುಜರಾತಿ ಶೈಲಿಯಲ್ಲಿ ಉಡಲು ಶುರುಮಾಡಿದಳು. ಅವಳು ಮಾಡಿಕೊಂಡ ರಾಜಿ ಅಂದರೆ ಅಷ್ಟೇ.

ಅಮೆರಿಕದಿಂದ ಗಂಡನಿಗೆ ಬರೆದ ಒಂದು ಕಾಗದದಲ್ಲಿ ಅವಳು, ನೀವು ನನ್ನನ್ನು ನಡೆಸಿಕೊಂಡ ರೀತಿ ಒಳ್ಳೆಯದೋ ಕೆಟ್ಟದ್ದೋ ಹೇಳೋದು ಕಷ್ಟ ಅಂತ ಶುರುಮಾಡಿ, ಹತ್ತು ವರ್ಷದ ತನಗೆ ಕಟ್ಟಿಗೆಯಲ್ಲಿ ಹೊಡೆದದ್ದು, ಕುರ್ಚಿ ಪುಸ್ತಕ ಎಸೆದದ್ದು, ಒಂದೊಂದಾಗಿ ನೆನಪಿಸುತ್ತಾಳೆ. ಓದಿಸಲೇಬೇಕು ಅಂತ ಹಟ ಹಿಡಿದವನೂ ಅವನೇ, ಅದಕ್ಕಾಗಿ ಹೊಡೆದವನೂ ಅವನೇ. ಆ ಕಾಗದ ಅವಳು ಕಲ್ಯಾಣದಲ್ಲೇ ಇದ್ದಿದ್ದರೆ ಬರೀತಿದ್ದಳಾ? ನನಗಂತೂ ಅನ್ನಿಸಲ್ಲ. ಏನನ್ನೂ ಕೇಳದ ಒಂದು ಮನೆಯಲ್ಲಿ ಕೆಲವು ತಿಂಗಳು ಇದ್ದವಳಿಗೆ ಮಾತ್ರ ಬರುವ ಧ್ವನಿ ಅದು.

1886ರ ಮಾರ್ಚ್ 11ರಂದು ಪದವಿ. 21 ತುಂಬಲು ಇನ್ನೂ 20 ದಿನ ಇತ್ತು. ದೂರದ ಸಂಬಂಧಿಯೇ ಆಗಿದ್ದ ರಮಾಬಾಯಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿನಿಂದ ಆ ಸಮಾರಂಭಕ್ಕೆ ಬಂದಳು. ಆ ದಿನ ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು! ಪುಡ್ಡಿಂಗಿನ ಸುದ್ದಿ ಬಂದೇ ಇರುತ್ತೆ ಅಂತ ನನ್ನ ಊಹೆ :-)

ಆ ಹೊತ್ತಿಗೆ ಆನಂದಿಗೆ ಕ್ಷಯ ತಗುಲಿತ್ತು. ಕೊಲ್ಹಾಪುರದ ಆಸ್ಪತ್ರೆಯ ಹೆಂಗಸರ ವಾರ್ಡಿನ ಡಾಕ್ಟರಾಗಿ ನೇಮಕವಾಗಿತ್ತು, ಆದರೆ ಕೆಲಸ ಮಾಡಲು ಆಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಹೋದಳು.

ಅವಳ ಚಿತಾಭಸ್ಮವನ್ನು ಅಮೆರಿಕಕ್ಕೆ, ಕಾರ್ಪೆಂಟರ್ ಅವರಿಗೆ ಕಳಿಸಿಕೊಟ್ಟರು. ಅವರು ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬ ಊರಿನ ಸ್ಮಶಾನದಲ್ಲಿ, ತಮ್ಮ ಮನೆತನದವರ ಸಮಾಧಿಗಳ ನಡುವೆ ಇಟ್ಟು ಕಲ್ಲು ನೆಡಿಸಿದರು. ಕಲ್ಲು ಈಗಲೂ ಇದೆ. ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ಪಕ್ಕದಲ್ಲೇ ಹೋಗುವ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಆ ಕಡೆ ಇರುವ ಕನ್ನಡದವರು ಯಾರಾದರೂ ಒಂದು ಭಾನುವಾರ ಹೋಗಿಬಂದರೆ ನನಗೊಂದು ಫೋಟೋ ಕಳಿಸ್ತೀರಾ?