ನೋಡಿದವರು ಬರೆದಿಟ್ಟದ್ದು: ಕೆನಡಾದ ಜಾದೂ ಚರಿತ್ರೆಯಿಂದ

ಟೊರಾಂಟೊದ ಒಂದು ಕಾಫಿ ಅಂಗಡಿಯ ಹಿಂಬದಿಯ ಕೋಣೆ. ಮೂವತ್ತು ಕುರ್ಚಿ, ಹಸಿರು ಬಟ್ಟೆ ಹಾಸಿದ ಒಂದು ಮೇಜು. ವಿಚಾರ ಸಂಕಿರಣಕ್ಕೆಂದು ಆ ಊರಿಗೆ ಹೋಗಿದ್ದ ನನ್ನನ್ನು, ಅಲ್ಲೇ ಓದುತ್ತಿದ್ದ ಗೆಳತಿ ಒಂದು ಸಂಜೆ ಜಾದೂ ನೋಡಲು ಕರೆದೊಯ್ದಿದ್ದಳು. ಜಾದೂಗಾರ ನಮ್ಮ ಸಾಲಿನವರೆಗೂ ಬಂದು ಇಸ್ಪೀಟು ಕಟ್ಟನ್ನು ಬೀಸಣಿಗೆಯಂತೆ ಹರವಿದ. ಗೆಳತಿ ಆಟೀನ್ ಏಳನ್ನು ತೆಗೆದು ಅದರ ಮೇಲೆ ಸಹಿ ಹಾಕಿದಳು. ಎಲೆ ಕಟ್ಟಿನ ನಡುವೆ ಸೇರಿತು. ಅವನು ಚಿಟಿಕೆ ಹೊಡೆದು ಮೇಲಿನ ಎಲೆ ತಿರುವಿದರೆ ಅದೇ ಆಟೀನ್ ಏಳು, ಅದೇ ಸಹಿ. ಮತ್ತೆ ನಡುವೆ ಹಾಕಿದ. ಮತ್ತೆ ಮೇಲೆ ಬಂತು. ನಾಲ್ಕನೆಯ ಸಲಕ್ಕೆ ಹಿಂದಿನ ಸಾಲಿನ ಒಬ್ಬ ಹುಡುಗ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

ರಾತ್ರಿ ಕೋಣೆಗೆ ಬಂದು ನೋಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯ ಸಲ ಕಟ್ಟು ಗೆಳತಿಯ ಕೈಯಲ್ಲೇ ಇತ್ತು, ಜಾದೂಗಾರ ಅದನ್ನು ಮುಟ್ಟಲೇ ಇಲ್ಲ ಎಂದು ಅಡಿಗೆರೆ ಹಾಕಿ ಬರೆದೆ. ಮರುದಿನ ತಿಂಡಿಯ ಹೊತ್ತಿಗೆ ಅದನ್ನು ಓದಿ ಹೇಳಿದರೆ ಅವಳು ನಕ್ಕಳು. "ನನ್ನ ಕೈಯಲ್ಲೆಲ್ಲಿತ್ತು? ಮೇಜಿನ ಮೇಲಿತ್ತಲ್ಲ! ನಾನು ಅದರ ಮೇಲೆ ಬರೀ ಒಂದು ಬೆರಳು ಇಟ್ಟಿದ್ದೆ." ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡಿದ್ದು, ಕಳೆದದ್ದು ಹನ್ನೆರಡು ತಾಸು ಮಾತ್ರ. ಇಬ್ಬರಿಗೂ ತಮ್ಮ ನೆನಪಿನ ಮೇಲೆ ಅನುಮಾನವಿರಲಿಲ್ಲ.

ಪ್ರದರ್ಶನಗಳ ಚರಿತ್ರೆಯನ್ನು ಓದುವ ನನಗೆ ಆ ತಿಂಡಿಯ ಹೊತ್ತಿನ ತಕರಾರು ಇನ್ನೂ ಬಗೆಹರಿದಿಲ್ಲ. ಮುಗಿದುಹೋದ ಆಟಕ್ಕೆ ದಾಖಲೆ ಯಾವುದು? ಅದನ್ನು ನೋಡಿದವರ ಮಾತಿಗೆ ಎಷ್ಟು ಬೆಲೆ? ಈ ಪ್ರಶ್ನೆಗಳನ್ನು ಹಿಡಿದು ಕೆನಡಾದ ಜಾದೂಗಾರರ ಚರಿತ್ರೆಯೊಳಗೆ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ನೋಡಿದ ಆಟಕ್ಕೆ ದೊಡ್ಡ ವಂಶಾವಳಿಯೇ ಇದೆ. 1922ರಲ್ಲಿ ಷಿಕಾಗೋದ ಗ್ರೇಟ್ ನಾರ್ದರ್ನ್ ಹೋಟೆಲಿನಲ್ಲಿ ಜಾದೂಗಾರರ ಔತಣಕೂಟ ನಡೆದಿತ್ತು. ಯಾವುದೇ ಕೈಚಳಕವನ್ನು ಮೂರು ಸಲ ತೋರಿಸಿದರೆ ಗುಟ್ಟು ಹಿಡಿಯಬಲ್ಲೆ ಎಂದು ಹೇಳಿಕೊಳ್ಳುತ್ತಿದ್ದ ಹ್ಯಾರಿ ಹೂಡಿನಿ ಅಲ್ಲಿದ್ದ. ಆಟವಾದವನು ಕೆನಡಾದ ಒಟ್ಟಾವದಲ್ಲಿ 1894ರಲ್ಲಿ ಹುಟ್ಟಿದ ಡೇವಿಡ್ ವರ್ನರ್. ಜಗತ್ತಿಗೆ ಅವನ ಹೆಸರು ಡೈ ವರ್ನನ್. ಹೂಡಿನಿ ತನ್ನ ಹೆಸರಿನ ಮೊದಲಕ್ಷರ ಬರೆದುಕೊಟ್ಟ ಎಲೆ ಮತ್ತೆ ಮತ್ತೆ ಮೇಲಕ್ಕೆ ಬರುತ್ತಲೇ ಇತ್ತು. ಏಳು ಸಲ ನೋಡಿಯೂ ಅವನಿಗೆ ಗುಟ್ಟು ಸಿಗಲಿಲ್ಲವಂತೆ. ಹೂಡಿನಿಯನ್ನು ಏಮಾರಿಸಿದವನು ಎಂಬ ಬಿರುದು ವರ್ನನ್‌ಗೆ ಅಲ್ಲಿಂದ ಅಂಟಿಕೊಂಡಿತು. 1992ರಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಜಾದೂಗಾರರೆಲ್ಲ ಅವನನ್ನು ಪ್ರೊಫೆಸರ್ ಎನ್ನುತ್ತಿದ್ದರು.

ಆ ಆಟದ ಗುಟ್ಟು ಈಗ ಗುಟ್ಟಾಗಿ ಉಳಿದಿಲ್ಲ. ಎರಡು ಎಲೆಗಳನ್ನು ಒಂದೇ ಎಲೆಯೆಂಬಂತೆ ತಿರುವುವುದು ಅದರ ಈಗಿನ ಹಲವು ರೂಪಗಳಿಗೆ ಬುನಾದಿ. ಇಸ್ಪೀಟು ಜಾದೂ ಕಲಿಸುವ ಯಾವ ಪುಸ್ತಕದಲ್ಲೂ ಇದು ಸಿಗುತ್ತದೆ. ಜಾದೂವಿನಲ್ಲಿ ಗುಟ್ಟು ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯನಿಗೆ ಮಾತ್ರ ಹೋಗುತ್ತದೆ ಎಂದು ನಂಬಿದ್ದ ನನಗೆ ಮೊದಲ ಆಶ್ಚರ್ಯ ಇದು. ವರ್ನನ್‌ಗೆ ಬೈಬಲ್ಲಿನಂತಿದ್ದದ್ದು 1902ರಲ್ಲಿ ಅಚ್ಚಾದ 'ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್' ಎಂಬ ಪುಸ್ತಕ. ಬರೆದವನ ಹೆಸರು ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂದಿದೆ. ಅದು ಸುಳ್ಳು ಹೆಸರು. ಅದರ ಹಿಂದಿನ ಮನುಷ್ಯ ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಬರೆದವನು ಮರೆಯಾದ, ಅವನ ಬೆರಳುಗಳ ಚಲನೆ ಒಂದೊಂದೂ ಉಳಿದುಕೊಂಡಿತು.

ಆಂಟೇರಿಯೊ ಪ್ರಾಂತ್ಯದ ಕೋರ್ಟ್‌ರೈಟ್ ಎಂಬ ಪುಟ್ಟ ಊರಿನ ಸ್ಟೂವರ್ಟ್ ಜೇಮ್ಸ್ ಕಥೆಯೂ ಹೀಗೆಯೇ. 1908ರಿಂದ 1996ರವರೆಗೆ ಬದುಕಿದ ಆತ ದೊಡ್ಡ ನಗರಗಳ ರಂಗಮಂಚ ಹುಡುಕಿ ಹೋದವನಲ್ಲ. ಆದರೂ ಅವನು ಹೊಸೆದ ನೂರಾರು ಆಟಗಳು ನಿಯತಕಾಲಿಕೆಗಳ ಮೂಲಕ ಜಗತ್ತಿನ ಜಾದೂಗಾರರ ಕೈ ಸೇರಿದವು. 1936ರಲ್ಲಿ ಪ್ರಕಟವಾದ 'ಮಿರಾಸ್ಕಿಲ್' ಎಂಬ ಇಸ್ಪೀಟು ಆಟವನ್ನು ಇಂದಿಗೂ ಆಡುತ್ತಾರೆ. 1955ರಲ್ಲಿ ಟೊರಾಂಟೊದ ಪಿ. ಹೊವಾರ್ಡ್ ಲಯನ್ಸ್ ಜಾದೂಗಾರರಿಗಾಗಿ ಒಂದು ಸಣ್ಣ ಪತ್ರಿಕೆ ಆರಂಭಿಸಿ ಅದಕ್ಕೆ 'ಇಬಿಡೆಮ್' ಎಂದು ಹೆಸರಿಟ್ಟ. ಅಡಿಟಿಪ್ಪಣಿ ಬರೆದು ಬರೆದು ಬೇಸತ್ತ ನಮ್ಮಂಥವರಿಗೆ ಗೊತ್ತಿರುವ ಪದ: 'ಅದೇ ಗ್ರಂಥ'. ಮುಂದೆ ರೇಡಿಯೊ ಉದ್ಯಮದಲ್ಲಿ ಹಣ, ಹೆಸರು ಮಾಡಿದ ಅಲನ್ ಸ್ಲೇಟ್, ಬಾಲ್ಯದ ಜಾದೂ ಹುಚ್ಚು ಬಿಡದೆ, 1989ರಲ್ಲಿ ಜೇಮ್ಸ್‌ನ ಐವತ್ತು ವರ್ಷದ ಪ್ರಕಟಿತ ಆಟಗಳನ್ನು ಒಂದು ಮಹಾಗ್ರಂಥದಲ್ಲಿ ಸೇರಿಸಿದ. ಇಷ್ಟು ಚೆನ್ನಾಗಿ ಸಂಪಾದಿಸಿದ ಸಂಪುಟಗಳು ಎಷ್ಟೋ ಕವಿಗಳಿಗೆ ಸಿಕ್ಕಿಲ್ಲ.

ಅಂದರೆ ಗುಟ್ಟು ಭದ್ರವಾಗಿದೆ. ಕಳೆದುಹೋದದ್ದು ಆಟ.

ಮಾಂಟ್ರಿಯಲ್‌ನ ಮೆಕಾರ್ಡ್ ಸಂಗ್ರಹಾಲಯದಲ್ಲಿ ಸ್ಲೇಟ್ ಹೆಸರಿನಲ್ಲೇ ಇರುವ ಸಂಗ್ರಹವೊಂದಿದೆ. ಜಾದೂವಿನ ಸುವರ್ಣಯುಗದ ಆರುನೂರಕ್ಕೂ ಹೆಚ್ಚು ಭಿತ್ತಿಚಿತ್ರಗಳು ಅಲ್ಲಿವೆ. 2017ರಲ್ಲಿ ಅವುಗಳ ದೊಡ್ಡ ಪ್ರದರ್ಶನವೂ ನಡೆಯಿತು. ಅಂಥ ಚಿತ್ರಗಳನ್ನು ನೀವೂ ಎಲ್ಲಾದರೂ ನೋಡಿರಬಹುದು: ಕೆಂಪು ಬಣ್ಣದ ಪುಟ್ಟ ಪಿಶಾಚಿಗಳು ಜಾದೂಗಾರನ ಭುಜದ ಮೇಲೆ ಕೂತು ಕಿವಿಯಲ್ಲಿ ಪಿಸುಗುಟ್ಟುತ್ತವೆ, ಹೆಣ್ಣೊಬ್ಬಳು ಗಾಳಿಯಲ್ಲಿ ತೇಲುತ್ತಾಳೆ. ಎಷ್ಟು ಹೊತ್ತು ನೋಡಿದರೂ ಸಾಲದ ಚಿತ್ರಗಳು. ಆದರೆ ಇವೆಲ್ಲ ಆಟಕ್ಕೆ ಮೊದಲು ಗೋಡೆಗೆ ಅಂಟಿಸಿದವು. ಏನು ತೋರಿಸುತ್ತೇವೆ ಎಂಬ ಭರವಸೆ ಅವುಗಳಲ್ಲಿದೆ. ಮಧ್ಯಾಹ್ನದ ಆಟಕ್ಕೆ ಎಷ್ಟು ಕುರ್ಚಿ ಖಾಲಿಯಿದ್ದವು, ತೇಲಿದ ಹೆಣ್ಣನ್ನು ಕಂಡು ಜನ ಉಸಿರು ಬಿಗಿಹಿಡಿದರೋ ಆಕಳಿಸಿದರೋ ಎಂಬುದನ್ನು ಭಿತ್ತಿಚಿತ್ರ ಹೇಳಲಾರದು.

ಅದನ್ನು ಹೇಳುವುದು ಬೇರೆಯದೇ ಬಗೆಯ ಬರಹ, ಯಾರೂ ಸಾಹಿತ್ಯವೆಂದು ಎಣಿಸದ ಬರಹ. 1922ರಲ್ಲಿ, ವರ್ನನ್ ಹೂಡಿನಿಯನ್ನು ಏಮಾರಿಸಿದ ವರ್ಷವೇ, ಕೆನಡಾದ ವಿನಿಪೆಗ್‌ನಿಂದ ಲೆನ್ ವಿಂಟಸ್ ಎಂಬ ಜಾದೂಗಾರ ಅಮೆರಿಕದ ಜೀನ್ ಗಾರ್ಡನ್ ಮುಂತಾದ ಸಮಾನ ಹವ್ಯಾಸಿಗಳೊಂದಿಗೆ ಕಾಗದ ಬರೆಯುತ್ತಿದ್ದ. ಆ ಪತ್ರವ್ಯವಹಾರದಿಂದ ಹುಟ್ಟಿದ್ದು ಇಂಟರ್‌ನ್ಯಾಷನಲ್ ಬ್ರದರ್‌ಹುಡ್ ಆಫ್ ಮೆಜಿಷಿಯನ್ಸ್. ಇವತ್ತು ಜಗತ್ತಿನ ದೊಡ್ಡ ಜಾದೂ ಸಂಘಗಳಲ್ಲೊಂದಾದ ಅದರ ಮೊದಲ ಸದಸ್ಯ, ಚಳಿಗಾಲದಲ್ಲಿ ಹಿಮ ಹೆಪ್ಪುಗಟ್ಟುವ ಬಯಲುಸೀಮೆಯ ಊರಿನವನು. ಒಂದು ಊರಲ್ಲಿ ಒಬ್ಬನೋ ಇಬ್ಬರೋ ಹವ್ಯಾಸಿಗಳಿದ್ದ ಕಾಲದಲ್ಲಿ ಅಂಚೆಯೇ ಅವರಿಗೆ ಸಭಾಂಗಣ. ಸಂಘದ ಪತ್ರಿಕೆಯ ಹೆಸರು 'ದಿ ಲಿಂಕಿಂಗ್ ರಿಂಗ್'; ಊರೂರಿನ ಶಾಖೆಗಳಿಗೂ ರಿಂಗ್ ಎಂದೇ ಹೆಸರು. ಪತ್ರಿಕೆಯ ಒಂದು ಭಾಗ ಈ ಶಾಖೆಗಳ ವರದಿಗಳಿಗೆ ಮೀಸಲು. ಈ ತಿಂಗಳು ಯಾರು ಯಾವ ಆಟ ತೋರಿಸಿದರು, ಪರಊರಿನಿಂದ ಯಾರು ಬಂದಿದ್ದರು ಎಂಬಂಥ ಸುದ್ದಿಗಳು. ಓದಲು ಮಹಾ ನೀರಸ. ಆದರೆ ಹೆಸರು ಮಾಡದ ಜಾದೂಗಾರನೊಬ್ಬ ಇಂಥ ದಿನ ಜನರೆದುರು ನಿಂತಿದ್ದ ಎಂಬುದಕ್ಕೆ ಎಷ್ಟೋ ಸಲ ಇಷ್ಟೇ ಸಾಕ್ಷಿ.

ನೋಡಿದವರ ಮಾತನ್ನು ಜಗತ್ತು ಜೋಪಾನವಾಗಿ ಬರೆಸಿಟ್ಟುಕೊಂಡ ಒಂದು ಪ್ರಸಂಗವೂ ಕೆನಡಾದಲ್ಲೇ ನಡೆಯಿತು. 1926ರ ಅಕ್ಟೋಬರಿನಲ್ಲಿ ಹೂಡಿನಿ ಮಾಂಟ್ರಿಯಲ್‌ಗೆ ಬಂದಿದ್ದ. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ, ಸತ್ತವರೊಂದಿಗೆ ಮಾತಾಡುತ್ತೇವೆ ಎನ್ನುವವರ ಮೋಸಗಳ ಕುರಿತು ಭಾಷಣ ಮಾಡಿದ. ಅಲ್ಲಿ ಅವನ ಚಿತ್ರ ಬರೆದಿದ್ದ ವಿದ್ಯಾರ್ಥಿ ಸ್ಯಾಮ್ ಸ್ಮಿಲೊವಿಟ್ಸ್‌ಗೆ ಪ್ರಿನ್ಸೆಸ್ ಥಿಯೇಟರಿಗೆ ಬರಲು ಆಹ್ವಾನ ಸಿಕ್ಕಿತು. 22ರಂದು ಆತ ಗೆಳೆಯ ಜಾಕ್ ಪ್ರೈಸ್ ಜೊತೆ ಬಣ್ಣದ ಕೋಣೆಯಲ್ಲಿದ್ದಾಗ ಗಾರ್ಡನ್ ವೈಟ್‌ಹೆಡ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಬಂದ. ಹೊಟ್ಟೆಗೆ ಎಷ್ಟು ಬಲವಾಗಿ ಗುದ್ದಿದರೂ ತಡೆದುಕೊಳ್ಳುವಿರಂತೆ, ನಿಜವೇ ಎಂದು ಕೇಳಿದ. ಸೋಫಾದ ಮೇಲೆ ಮಲಗಿದ್ದ ಹೂಡಿನಿ ಸಿದ್ಧನಾಗುವ ಮೊದಲೇ ಮೇಲಿಂದ ಮೇಲೆ ಗುದ್ದಿದ. ಅಕ್ಟೋಬರ್ 31ರಂದು ಡೆಟ್ರಾಯಿಟ್‌ನ ಆಸ್ಪತ್ರೆಯಲ್ಲಿ, ಕರುಳುಬಾಲ ಒಡೆದು ಹೊಟ್ಟೆಯೊಳಗೆ ನಂಜೇರಿ ಹೂಡಿನಿ ಸತ್ತ. ಆ ಏಟುಗಳೇ ಸಾವಿಗೆ ಕಾರಣವೇ ಎಂಬ ವಾದ ವೈದ್ಯರಲ್ಲಿ ಇಂದಿಗೂ ಮುಗಿದಿಲ್ಲ.

ಆ ಕೋಣೆಯಲ್ಲಿ ನಡೆದದ್ದು ಇಷ್ಟು ವಿವರವಾಗಿ ನಮಗೆ ಗೊತ್ತಿರುವುದಕ್ಕೆ ಕಾರಣ ಕಲಾಪ್ರೇಮವಲ್ಲ, ವಿಮೆ. ಅಪಘಾತದ ಸಾವೆಂದಾದರೆ ವಿಮೆಯ ಹಣ ಇಮ್ಮಡಿಯಾಗುತ್ತಿತ್ತು. ಹಾಗಾಗಿ ವಿದ್ಯಾರ್ಥಿಗಳಿಂದ ಪ್ರಮಾಣ ಮಾಡಿಸಿ ಹೇಳಿಕೆ ಪಡೆದರು. ಯಾರು ಎಲ್ಲಿ ಕೂತಿದ್ದರು, ಹೂಡಿನಿ ಹೇಗೆ ಮಲಗಿದ್ದ, ಎಷ್ಟು ಏಟು ಬಿದ್ದವು ಎಂಬುದೆಲ್ಲ ಕಾಗದಕ್ಕಿಳಿಯಿತು. ಮಾಂಟ್ರಿಯಲ್‌ನ ಪತ್ರಕರ್ತ ಡಾನ್ ಬೆಲ್ ಇದೇ ಜಾಡು ಹಿಡಿದು ವರ್ಷಗಟ್ಟಲೆ ಅಲೆದ. ಅವನ ಪುಸ್ತಕ 2004ರಲ್ಲಿ ಹೊರಬಂತು. ಆ ವಾರ ಪ್ರಿನ್ಸೆಸ್ ಥಿಯೇಟರಿನಲ್ಲಿ ಟಿಕೆಟ್ ಕೊಂಡು ಕೂತು ಆಟ ನೋಡಿದವರನ್ನು ಮಾತ್ರ ಯಾರೂ ಹೀಗೆ ಕೂರಿಸಿಕೊಂಡು ಕೇಳಲಿಲ್ಲ. ಅವರ ಬೆರಗಿನ ಮೇಲೆ ಹಣ ನಿಂತಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ನನ್ನ ಮಾರ್ಗದರ್ಶಕರು ತಲೆಯಾಡಿಸಿ ಒಂದೇ ಮಾತು ಹೇಳಿದರು: "ನೋಡಿದವರು ಸುಳ್ಳು ಹೇಳದಿರಬಹುದು, ಆದರೆ ತಪ್ಪು ಹೇಳುತ್ತಾರೆ." ಅದಕ್ಕೆ ಅವರು ಕೊಟ್ಟ ಉದಾಹರಣೆ ನಮ್ಮ ದೇಶಕ್ಕೇ ಅಂಟಿಕೊಂಡದ್ದು. 1890ರಲ್ಲಿ ಷಿಕಾಗೋದ ಪತ್ರಿಕೆಯೊಂದು ಭಾರತದ ಹಗ್ಗದ ಜಾದೂವಿನ ವರದಿ ಪ್ರಕಟಿಸಿತು: ಆಕಾಶಕ್ಕೆಸೆದ ಹಗ್ಗ ನೆಟ್ಟಗೆ ನಿಲ್ಲುತ್ತದೆ, ಹುಡುಗ ಅದನ್ನೇರಿ ಮಾಯವಾಗುತ್ತಾನೆ. ಕೆಲವು ತಿಂಗಳಲ್ಲಿ ಪತ್ರಿಕೆಯೇ ಅದು ಕಟ್ಟುಕಥೆ ಎಂದು ಒಪ್ಪಿಕೊಂಡಿತು. ಆದರೂ ಮುಂದಿನ ದಶಕಗಳಲ್ಲಿ, ಅದನ್ನು ತಾವು ಕಣ್ಣಾರೆ ಕಂಡಿದ್ದೇವೆಂದು ಹೇಳುವವರು ಹುಟ್ಟುತ್ತಲೇ ಹೋದರು. ಟೊರಾಂಟೊದ ನನ್ನ ನೋಟ್‌ಬುಕ್ಕೂ ಇದೇ ಜಾತಿಯದಲ್ಲವೇ?

ಬಹಳ ದಿನ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರದ ದಾರಿ ಕಂಡದ್ದು ಇನ್ನೊಬ್ಬ ಕೆನಡಿಯನ್ನನಿಂದ. ಡಗ್ ಹೆನ್ನಿಂಗ್ 1947ರಲ್ಲಿ ವಿನಿಪೆಗ್‌ನಲ್ಲಿ ಹುಟ್ಟಿದ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದ, ಕೆನಡಾ ಕೌನ್ಸಿಲಿನ ಧನಸಹಾಯ ಪಡೆದು ಡೈ ವರ್ನನ್ ಮುಂತಾದವರಲ್ಲಿ ಜಾದೂ ಕಲಿತ. ಜಾದೂ ಕೂಡ ಸಾರ್ವಜನಿಕ ಹಣಕ್ಕೆ ಅರ್ಹವಾದ ಕಲೆ ಎಂದು ಆ ಸಂಸ್ಥೆ ಒಪ್ಪಿದ್ದು ಸಣ್ಣ ಸಂಗತಿಯಲ್ಲ. 1973ರ ಕೊನೆಯಲ್ಲಿ ಟೊರಾಂಟೊದ ರಾಯಲ್ ಅಲೆಕ್ಸಾಂಡ್ರಾ ರಂಗಮಂದಿರದಲ್ಲಿ 'ಸ್ಪೆಲ್‌ಬೌಂಡ್' ಆಡಿದ. ಅದೇ ಬೆಳೆದು 1974ರಲ್ಲಿ ಬ್ರಾಡ್‌ವೇಯ 'ದಿ ಮ್ಯಾಜಿಕ್ ಷೋ' ಆಯಿತು. ಕರಿ ಕೋಟು, ಎತ್ತರದ ಟೋಪಿ ಬಿಟ್ಟು, ಉದ್ದ ಕೂದಲು, ಬಣ್ಣಬಣ್ಣದ ಅಂಗಿ ತೊಟ್ಟ ಜಾದೂಗಾರ ಜನರಿಗೆ ಹೊಸಬ. 1,920 ಪ್ರದರ್ಶನ ಕಂಡ ಆ ನಾಟಕವನ್ನು ನಡುವೆಯೇ ಬಿಟ್ಟು ಆತ ದೂರದರ್ಶನಕ್ಕೆ ಹೋದ.

1975ರ ಡಿಸೆಂಬರ್ 26ರಂದು ಎನ್‌ಬಿಸಿ ವಾಹಿನಿಯಲ್ಲಿ ಅವನ ಆಟ ನೇರಪ್ರಸಾರವಾಯಿತು. ಐದು ಕೋಟಿಗೂ ಮಿಕ್ಕ ಜನ ನೋಡಿದರೆಂದು ಲೆಕ್ಕ. ಚಿತ್ರೀಕರಿಸಿ, ಕತ್ತರಿಸಿ, ಜೋಡಿಸಿ ತೋರಿಸುವ ಸೌಕರ್ಯವಿದ್ದರೂ ನೇರವಾಗಿಯೇ, ಎದುರಿಗೆ ಪ್ರೇಕ್ಷಕರನ್ನು ಕೂರಿಸಿಕೊಂಡೇ ಆಡಿದ. ಹೂಡಿನಿಯ ನೀರಿನ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಇಳಿದು ಹೊರಬಂದ. ಕಾರಣ ಸರಳ. ಕ್ಯಾಮೆರಾ ಏನು ಬೇಕಾದರೂ ಮಾಡಬಲ್ಲದು ಎಂದು ಮನೆಯಲ್ಲಿ ಕೂತವರಿಗೆ ಗೊತ್ತು. ಇದು ಕ್ಯಾಮೆರಾದ ಆಟವಲ್ಲ ಎಂದು ನಂಬಿಸಲು ಅಲ್ಲೇ ಕೂತು ಬಾಯಿ ಬಿಟ್ಟು ನೋಡುವ ಮನುಷ್ಯರು ಬೇಕಿತ್ತು. ಅಂದರೆ ಆಟದ ಸಾಮಗ್ರಿಗಳಲ್ಲಿ ನೋಡುಗರೂ ಒಂದು.

ಇಲ್ಲಿಂದ ಮಾರ್ಗದರ್ಶಕರ ಮಾತನ್ನು ಮತ್ತೆ ನೋಡಿದೆ. ನ್ಯಾಯಾಲಯದಲ್ಲಿ ತಪ್ಪು ನೆನಪು ದೋಷ. ಜಾದೂವಿನಲ್ಲಿ ಅದು ಜಾದೂಗಾರ ಬೇಕೆಂದೇ ಕಟ್ಟುವ ವಸ್ತು. ಎಲೆಯನ್ನು ಯಾರು ಮುಟ್ಟಿದರು ಎಂಬುದನ್ನು ನಾನು ತಪ್ಪಾಗಿ ನೆನೆಯಬೇಕೆಂದೇ ಅವನು ಆ ಕ್ಷಣ ನಗಿಸಿದ್ದ, ಕಣ್ಣಿಗೆ ಕಣ್ಣಿಟ್ಟು ನೋಡಿದ್ದ. ನಮ್ಮ ಭಾಷೆಯ 'ಕಣ್ಕಟ್ಟು' ಎಂಬ ಪದ ಇದನ್ನು ಎಂದೋ ಹೇಳಿದೆ: ಕಟ್ಟು ಬಿದ್ದಿರುವುದು ನೋಡುವವರ ಕಣ್ಣಿಗೆ. ಗುಟ್ಟಿನ ಪುಸ್ತಕ ಕೈಯ ಚರಿತ್ರೆಯನ್ನು ಹೇಳುತ್ತದೆ. ಕಣ್ಣಿನ ಚರಿತ್ರೆ ಬೇಕಾದರೆ ನೋಡಿದವರು ತಪ್ಪುತಪ್ಪಾಗಿ ಬರೆದದ್ದನ್ನೇ ಓದಬೇಕು. ಆಗಿದ್ದಕ್ಕೂ ಬರೆದದ್ದಕ್ಕೂ ನಡುವೆ ಎಷ್ಟು ಅಂತರವಿದೆಯೋ ಅಷ್ಟು ಆ ಜಾದೂಗಾರನ ಸಾಧನೆ.

ಹೆನ್ನಿಂಗ್‌ನ ಮುಂದಿನ ಕಥೆ ಈ ಮಾತಿಗೊಂದು ಎಚ್ಚರಿಕೆಯೂ ಹೌದು. ಆತ ಮಹರ್ಷಿ ಮಹೇಶ್ ಯೋಗಿಯ ಅನುಯಾಯಿಯಾದ, ಕ್ರಮೇಣ ರಂಗ ಬಿಟ್ಟ. ಯೋಗಬಲದಿಂದ ಮನುಷ್ಯ ನಿಜವಾಗಿ ಗಾಳಿಯಲ್ಲಿ ತೇಲಬಲ್ಲ ಎಂದು ನಂಬಿದ. ನಯಾಗರಾ ಜಲಪಾತದ ಬಳಿ 'ವೇದ ಲ್ಯಾಂಡ್' ಎಂಬ ಉದ್ಯಾನ ಕಟ್ಟುವ ಯೋಜನೆ ಹಾಕಿದ, ಅದು ಏಳಲಿಲ್ಲ. 1993ರ ಚುನಾವಣೆಯಲ್ಲಿ ಟೊರಾಂಟೊದ ರೋಸ್‌ಡೇಲ್ ಕ್ಷೇತ್ರದಿಂದ ನಿಂತು ಸೋತ. 2000ದಲ್ಲಿ, 52ನೆಯ ವಯಸ್ಸಿಗೇ ತೀರಿಕೊಂಡ. ಬೇರೆಯವರ ಕಣ್ಣು ಕಟ್ಟುವುದು ಹೇಗೆಂದು ಅಷ್ಟು ಚೆನ್ನಾಗಿ ಬಲ್ಲವನು ತನ್ನ ಕಣ್ಣಿಗೆ ಏನನ್ನು ಕಂಡ? ಅವನನ್ನು ನಗೆಪಾಟಲು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಬೆರಗು ನಿಜವಾಗಲಿ ಎಂಬ ಆಸೆ ಕುರ್ಚಿ ಹತ್ತಿ ನಿಂತ ಆ ಹುಡುಗನಿಗೂ ಇತ್ತು.

2022ರಲ್ಲಿ ಜಾದೂವಿನ ವಿಶ್ವ ಚಾಂಪಿಯನ್‌ಷಿಪ್ ಕೆನಡಾದ ಕ್ವಿಬೆಕ್ ನಗರದಲ್ಲಿ ನಡೆಯಿತು. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದ ಕೂಟ ಅದು. ಮನೆಯ ಪರದೆಗಳೆದುರು ಕೂತು ಸಾಕಾಗಿದ್ದ ಜಾದೂಗಾರರು ಮತ್ತೆ ಒಂದೇ ಸೂರಿನಡಿ ಸೇರಿದರು. ಯಾರು ಗೆದ್ದರೆಂಬುದು ಕ್ಷಣದಲ್ಲಿ ಸಿಗುತ್ತದೆ: ಹತ್ತಿರದ ಜಾದೂವಿಗೆ ಆಸ್ಟ್ರೇಲಿಯಾದ ಸೈಮನ್ ಕೊರೊನೆಲ್, ರಂಗದ ಜಾದೂವಿಗೆ ಬೆಲ್ಜಿಯಮ್ಮಿನ ಲೊರಾಂ ಪಿರೋನ್. ಆದರೆ ಐವತ್ತು ವರ್ಷದ ಬಳಿಕ ಆ ಕೂಟದ ಚರಿತ್ರೆ ಬರೆಯುವವರಿಗೆ ಇಷ್ಟು ಸಾಲದು. ಹನ್ನೆರಡನೆಯ ಸಾಲಿನಲ್ಲಿ ಕೂತವರೊಬ್ಬರು ಹೋಟೆಲಿಗೆ ಮರಳಿ ಬರೆದ ಎರಡು ಪುಟವೂ ಬೇಕು.

ಕಳೆದ ತಿಂಗಳು ಗೆಳತಿಗೆ ಕಾಗದ ಹಾಕಿದೆ: ಆ ಸಂಜೆ ಏನಾಯಿತೆಂದು ನಿನಗೆ ನೆನಪಿದ್ದಂತೆ ಬರೆದು ಕಳಿಸು, ನನ್ನದನ್ನು ನೋಡಬೇಡ. ಅವಳು ಒಂದೂವರೆ ಪುಟ ಕಳಿಸಿದಳು. ಕಟ್ಟು ಮೇಜಿನ ಮೇಲೆ, ಬೆರಳು ಅದರ ಮೇಲೆ. ಅಲ್ಲಿಯವರೆಗೆ ಹಳೆಯ ಮಾತೇ. ಆದರೆ ಈಗ ಅವಳ ನೆನಪಿನಲ್ಲಿ ಎಲೆ ಆಟೀನ್ ಏಳಲ್ಲ, ಡೈಮಂಡ್ ರಾಣಿ. ತಿದ್ದಲು ಹೋಗಲಿಲ್ಲ. ದಿನಾಂಕ ಹಾಕಿ, ನನ್ನ ಬರಹದ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.